ಕೋಡ್ ಬಿಟ್ಟು ನೇಮಕಾತಿಗೆ ಹೋಗಲಾ?

ವರ್ಷಗಟ್ಟಲೆ ಸಾಫ್ಟ್‌ವೇರ್ ಬರೆದವರು ನೀವು. ಈಗ ಕಂಪನಿ ಹೊಸ ಹುದ್ದೆ ಕೊಡಲು ಮುಂದಾಗಿದೆ. ಹೊಸಬರನ್ನು ತಯಾರು ಮಾಡಬೇಕು, ಹೆಣ್ಣುಮಕ್ಕಳಿಗೂ ಬೇರೆ ಬೇರೆ ಹಿನ್ನೆಲೆಯವರಿಗೂ ಬಾಗಿಲು ತೆರೆಯುವಂಥ ನೇಮಕಾತಿ ನಡೆಸಬೇಕು. ನಿಮಗೆ ಮನಸ್ಸಿದೆ, ಆದರೆ ಜೊತೆಯವರು 'ಕಲಿತದ್ದೆಲ್ಲ ಹಾಳು' ಅನ್ನುತ್ತಿದ್ದಾರೆ. ಹೋಗಲಾ ಬೇಡವಾ ಎಂದು ಕೇಳಿದ್ದೀರಿ.

ಹೋಗಿ. ಆದರೆ ಒಂದು ಷರತ್ತು ಹಾಕಿಯೇ ಹೋಗಿ.

ಕಲಿತದ್ದು ಹಾಳಾಗುತ್ತದೆ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಟ್ರೇಸಿ ಚೌ ಕೂಡ ಇಂಜಿನಿಯರ್. ಚಿತ್ರ ಹಂಚಿಕೊಳ್ಳುವ ತಾಣ ನಡೆಸುವ ಪಿಂಟರೆಸ್ಟ್ ಕಂಪನಿಯಲ್ಲಿದ್ದಾಗ, 2013ರಲ್ಲಿ, ಟೆಕ್ ಕಂಪನಿಗಳಲ್ಲಿ ಹೆಣ್ಣು ಇಂಜಿನಿಯರ್‌ಗಳು ಎಷ್ಟಿದ್ದಾರೆ, ಲೆಕ್ಕ ಕೊಡಿ ಎಂದು ಬಹಿರಂಗವಾಗಿ ಕೇಳಿದರು. ಮರುವರ್ಷದಿಂದ ಗೂಗಲ್‌ನಂಥ ದೊಡ್ಡ ಕಂಪನಿಗಳು ಅಂಕಿಅಂಶ ಬಹಿರಂಗಪಡಿಸಲು ಶುರು ಮಾಡಿದವು. ಮೊದಲು ಅಳತೆ, ಆಮೇಲೆ ದುರಸ್ತಿ. ಇದು ಇಂಜಿನಿಯರ್ ಬುದ್ಧಿಯೇ ಅಲ್ವಾ?

ನೀವೂ ಅದನ್ನೇ ಮಾಡಬೇಕು. ಅರ್ಜಿ ಹಾಕಿದವರು ಎಷ್ಟು, ಫೋನ್ ಸುತ್ತು ದಾಟಿದವರು ಎಷ್ಟು, ಕೊನೆಯಲ್ಲಿ ಆಫರ್ ಸಿಕ್ಕವರು ಎಷ್ಟು, ಯಾವ ಹಂತದಲ್ಲಿ ಯಾರು ಉದುರಿಹೋಗುತ್ತಿದ್ದಾರೆ? ಹೆಚ್ಚಿನ ಕಡೆ ಇದನ್ನು ಯಾರೂ ಕೂತು ನೋಡಿರುವುದಿಲ್ಲ. 'ಒಳ್ಳೆಯವರು ಅರ್ಜಿಯನ್ನೇ ಹಾಕಲ್ಲ' ಎಂದು ಸುಮ್ನೆ ಹೇಳಿಬಿಡುತ್ತಾರೆ.

ಅರ್ಜಿ ಹಾಕಿದರೂ ಕರೆ ಬಾರದೇ ಹೋಗಬಹುದು. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬೋಸ್ಟನ್, ಶಿಕಾಗೊ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿ ನೋಡಿದ್ದರು. ಅರ್ಹತೆ ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. ಕರಿಯರದು ಅನ್ನಿಸುವ ಹೆಸರಿಗಿಂತ ಬಿಳಿಯರದು ಅನ್ನಿಸುವ ಹೆಸರಿಗೆ ಶೇ. 50ರಷ್ಟು ಜಾಸ್ತಿ ಕರೆ ಬಂತು. 2004ರಲ್ಲಿ ಪ್ರಕಟವಾದ ಅಧ್ಯಯನವಿದು. ರೆಸ್ಯೂಮೆ ಆರಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಅಮೆಜಾನ್ ಹಾಗೊಂದು ಪ್ರೋಗ್ರಾಂ ಕಟ್ಟಿತ್ತು. ಹಳೆಯ ರೆಸ್ಯೂಮೆಗಳು ಹೆಚ್ಚಾಗಿ ಗಂಡಸರವು. ಅದರಿಂದ ಕಲಿತ ಯಂತ್ರ ಹೆಂಗಸರ ರೆಸ್ಯೂಮೆಗಳನ್ನು ಕೆಳಗೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ಸುದ್ದಿಯಾಯಿತು. ಇಂಥ ಯಂತ್ರವನ್ನು ಮಾರಲು ಬಂದವರಿಗೆ ಸರಿಯಾದ ಪ್ರಶ್ನೆ ಕೇಳಲು ನಿಮ್ಮಂಥವರೇ ಬೇಕು.

ಈಗ ಷರತ್ತಿನ ವಿಷಯ. ಇಂಟರ್‌ವ್ಯೂ ಬದಲಿಸುವ ಅಧಿಕಾರ ನಿಮ್ಮ ಕೈಗೆ ಬರಬೇಕು. ಎಲ್ಲರಿಗೂ ಅದೇ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಂಕ, ಒಗಟಿನ ಬದಲು ದಿನನಿತ್ಯದ ಕೆಲಸದ್ದೇ ಒಂದು ತುಣುಕು. ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂಗಿಂತ ಇಂಥದ್ದು ಮೇಲು ಎಂದು ಸಂಶೋಧಕರು ದಶಕಗಳಿಂದ ಹೇಳುತ್ತಿದ್ದಾರೆ. ಆ ಅಧಿಕಾರ ಇಲ್ಲದಿದ್ದರೆ ನಿಮ್ಮ ಪಾಲಿಗೆ ಉಳಿಯುವುದು ಬ್ಯಾನರ್ ಕಟ್ಟುವುದು, ಫೋಟೊ ತೆಗೆಸುವುದು. ಅಂಥ ಹುದ್ದೆ ಬೇಡ.

ಸೇರಿಕೊಂಡವರು ಉಳಿಯುತ್ತಾರಾ ಎಂಬುದೂ ನಿಮ್ಮದೇ ಹೊಣೆ. ಟ್ರೇನಿಂಗ್ ಕೊಟ್ಟರೆ ಮುಗಿಯಲಿಲ್ಲ. ಹೆಸರು ತರುವ ಪ್ರಾಜೆಕ್ಟ್ ಯಾರಿಗೆ ಸಿಗುತ್ತಿದೆ, ಬಡ್ತಿ ಯಾರಿಗೆ ಎಂದು ನೋಡುತ್ತಿರಬೇಕು.

ಇನ್ನೊಂದು ಮಾತು. ಒಂದೆರಡು ವರ್ಷದ ಮೇಲೆ ಮನಸ್ಸು ಬದಲಾದರೆ ಇಂಜಿನಿಯರಿಂಗ್‌ಗೆ ವಾಪಸ್ ಬರಬಹುದಾ ಎಂದು ಈಗಲೇ ಕೇಳಿ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

-ಸಂ.