ಸಣ್ಣ ವಿಷಯಕ್ಕೂ ಟೆನ್ಷನ್ ಆಗುತ್ತದೆ, ಏನು ಮಾಡುವುದು?

ಬಾಸ್‌ನಿಂದ ಒಂದು ಮೆಸೇಜ್ ಬಂದರೂ ಎದೆ ಡವಡವ ಅನ್ನುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಅಂತ ಕೇಳಿದ್ದೀರಿ. ಎದುರಿಗಿರುವುದು ಹಾವೋ ಮೆಸೇಜೋ ಅಂತ ದೇಹ ಅಷ್ಟಾಗಿ ಭೇದ ಮಾಡುವುದಿಲ್ಲ, ತಕ್ಷಣ ಓಡಲು ಸಿದ್ಧ ಮಾಡುವ ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುತ್ತದೆ, ಅದರ ಹಿಂದೆಯೇ ಕಾರ್ಟಿಸಾಲ್ ಅನ್ನುವ ಇನ್ನೊಂದು ಟೆನ್ಷನ್ ಹಾರ್ಮೋನ್ ಏರುತ್ತದೆ, ಎದೆಬಡಿತ ಜೋರಾಗಿ ಕತ್ತು, ಭುಜ ಎಲ್ಲ ಬಿಗಿಯುತ್ತವೆ. ಓಡಲು ಸಿದ್ಧವಾದ ದೇಹ ಕುರ್ಚಿಯಲ್ಲೇ ಕೂತಿರುತ್ತದೆ, ತೊಂದರೆ ಅಲ್ಲೇ ಅಲ್ವಾ? ಎದ್ದು ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಅದೂ ಆಗದಿದ್ದರೆ ಉಸಿರು ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು, ನಿಧಾನವಾಗಿ ಬಿಡಿ; ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಸಂಜೆ ಕಾಫಿ ಬೇಡ. "ಟೆನ್ಷನ್ ಮಾಡ್ಕೋಬೇಡಿ" ಅನ್ನುವವರ ಮಾತು ಸುಮ್ನೆ ಬಿಟ್ಟುಬಿಡಿ. ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರ್‌ಗೆ ತೋರಿಸಿ, ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೆ ಹೊಡೆದುಕೊಳ್ಳುತ್ತದೆ.