ಓದುಗರ ಪ್ರಶ್ನೆ: ಸಂಸಾರ ಬೆಳೆಯುತ್ತಿದೆ, ಬೆಂಗಳೂರಲ್ಲಿ ಮನೆ ಯಾವ ಕಡೆ ನೋಡೋಣ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿ ಮನೆ ಹುಡುಕುತ್ತಿರುವವರದ್ದು. ಎಲ್ಲರೂ ಕೇಳಿರುವುದು ‘ಯಾವ ಏರಿಯಾ ಒಳ್ಳೆಯದು?’ ಎಂದು. ಆದರೆ ಒಂದೇ ಬಡಾವಣೆಯ 4ನೇ ಅಡ್ಡರಸ್ತೆಗೆ ಕಾವೇರಿ ನೀರು ಬಂದು, 9ನೇ ಅಡ್ಡರಸ್ತೆ ಟ್ಯಾಂಕರ್ ಕಾಯುವ ಊರು ಇದು. ಹಾಗಾಗಿ ಏರಿಯಾದ ಹೆಸರಿಗಿಂತ, ಮನೆಯ ಸುತ್ತಲಿನ ಅರ್ಧ ಕಿಲೋಮೀಟರ್‌ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಿದ್ದೇವೆ.

ಪ್ರಶ್ನೆ: ವಿಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ನನಗೆ ಕೆ.ಜಿ. ರಸ್ತೆಯಲ್ಲಿ ಸರ್ಕಾರಿ ಕೆಲಸ, ನಮ್ಮ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳಿಗೆ ನಾಲ್ಕು ವರ್ಷ, ಎರಡನೆಯದು ಯುಗಾದಿ ಹೊತ್ತಿಗೆ. ಅತ್ತೆ-ಮಾವ ಊರು ಬಿಟ್ಟು ನಮ್ಮ ಜೊತೆಗೇ ಬರುತ್ತಾರೆ. ಒಂದು ಕೋಟಿಯ ಆಸುಪಾಸಿನಲ್ಲಿ ಮೂರು ಬೆಡ್‌ರೂಮಿನ ಫ್ಲಾಟ್ ಬೇಕು. ನೆಂಟರು ನಾಗರಭಾವಿ ಅಂತಾರೆ, ಯಜಮಾನರು ಆಫೀಸಿನ ಹತ್ತಿರವೇ ಅಂತಾರೆ.
— ಓದುಗರು, ವಿಜಯನಗರ

ಉತ್ತರ: ನಾಗರಭಾವಿಯಲ್ಲಿ ಕೊಂಡರೆ ನಿಮಗೆ ಸುಖ, ಯಜಮಾನರಿಗೆ ದಿನಾ ಯಾತ್ರೆ: ಮೆಟ್ರೋದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಮತ್ತೆ ಹಳದಿ ಮಾರ್ಗ. ದಿನಕ್ಕೆರಡು ಸಲ, ಎರಡೆರಡು ಕಡೆ ರೈಲು ಬದಲಿಸಬೇಕು. ಎಲೆಕ್ಟ್ರಾನಿಕ್ ಸಿಟಿಯ ಬಳಿ ಕೊಂಡರೆ ನೀವು ಒಂದೇ ಕಡೆ ಬದಲಿಸಿದರೆ ಸಾಕು ಎನ್ನುವುದು ನಿಜ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ನಡುವೆ ಹಳದಿ ಮಾರ್ಗ ಶುರುವಾದ ಮೇಲೆ ಆ ಭಾಗ ದೂರವೇನಲ್ಲ.

ಆದರೆ ನಿಮ್ಮಿಬ್ಬರ ಕೆಲಸದಲ್ಲಿ ಯಾವುದು ಅಲ್ಲಾಡದ್ದು ಎಂದು ಮೊದಲು ನೋಡಿ. ಸಾಫ್ಟ್‌ವೇರ್ ಕೆಲಸ ನಾಲ್ಕು ವರ್ಷಕ್ಕೆ ವೈಟ್‌ಫೀಲ್ಡಿಗೋ ಮಾನ್ಯತಾ ಟೆಕ್ ಪಾರ್ಕಿಗೋ ಹಾರಬಹುದು. ಇಪ್ಪತ್ತು ವರ್ಷದ ಸಾಲದ ಮನೆಯನ್ನು ಇವತ್ತಿನ ಆಫೀಸಿನ ಗೇಟಿಗೆ ಕಟ್ಟಿಹಾಕುವುದು ಬೇಡ. ನಿಮ್ಮ ಲೆಕ್ಕಕ್ಕೆ ಹೊಂದುವುದು ಹಸಿರು ಮಾರ್ಗದ ದಕ್ಷಿಣ ತುದಿ: ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ. ನೀವು ನೇರವಾಗಿ ಚಿಕ್ಕಪೇಟೆ ಅಥವಾ ಮೆಜೆಸ್ಟಿಕ್‌ನಲ್ಲಿ ಇಳಿಯಬಹುದು, ಯಜಮಾನರು ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಿಸಿದರೆ ಆಯಿತು. ನಾಳೆ ಅವರ ಕೆಲಸ ಕಾಡುಗೋಡಿ ಕಡೆಗೆ ಹೋದರೂ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಸಿಗುತ್ತದೆ. ಜಯನಗರ, ಬನಶಂಕರಿ ನಿಮ್ಮ ಬಜೆಟ್ಟಿಗೆ ದಕ್ಕುವುದು ಕಷ್ಟ. ಕನಕಪುರ ರಸ್ತೆಯ ಒಳಬೀದಿಗಳಲ್ಲಿ ಹತ್ತು-ಹನ್ನೆರಡು ವರ್ಷ ಹಳೆಯ ಫ್ಲಾಟುಗಳ ಮರುಮಾರಾಟ ನೋಡಿ.

ಸ್ಟೇಷನ್ ಎಷ್ಟು ದೂರ ಎಂದರೆ ಏಜೆಂಟರು ‘ಐದು ನಿಮಿಷ’ ಎನ್ನುತ್ತಾರೆ. ಅದು ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಐದು ನಿಮಿಷ. ನೀವು ಮಂಗಳವಾರವೋ ಬುಧವಾರವೋ ಬೆಳಿಗ್ಗೆ 8.15ಕ್ಕೆ ಆ ಫ್ಲಾಟಿನ ಗೇಟಿನಿಂದ ಹೊರಟು, ಊಟದ ಬ್ಯಾಗ್ ಹಿಡಿದು ನಡೆದು, ಕಚೇರಿಯ ಕುರ್ಚಿಯಲ್ಲಿ ಕೂರುವವರೆಗೆ ಗಡಿಯಾರ ನೋಡಿಕೊಳ್ಳಿ. ಸಂಜೆ ವಾಪಸ್ಸೂ ಹಾಗೆಯೇ. ಯಜಮಾನರೂ ಇನ್ನೊಂದು ದಿನ ಇದನ್ನೇ ಮಾಡಲಿ. ನಡಿಗೆ 800 ಮೀಟರ್ ಮೀರಿದರೆ ಮಳೆಗಾಲದಲ್ಲಿ ಆಟೋ ಹಿಡಿಯುತ್ತೀರಿ, ಆಮೇಲೆ ಸ್ಕೂಟರ್ ತೆಗೆಯುತ್ತೀರಿ, ಅಲ್ಲಿಗೆ ಮೆಟ್ರೋ ಪಕ್ಕದ ಮನೆಗೆ ಕೊಟ್ಟ ಹೆಚ್ಚಿನ ದುಡ್ಡು ದಂಡ.

ಅತ್ತೆ-ಮಾವನವರ ದಿನಚರಿಯನ್ನೂ ಹೀಗೇ ನಡೆದು ನೋಡಬೇಕು. ದೊಡ್ಡ ರಸ್ತೆ ದಾಟದೆ, ಸುಮಾರು 500 ಮೀಟರಿನೊಳಗೆ ನಂದಿನಿ ಬೂತ್, ತರಕಾರಿ, ಔಷಧಿ ಅಂಗಡಿ, ಕೂರಲು ಬೆಂಚಿರುವ ಪಾರ್ಕು ಸಿಗಬೇಕು. ಪಾರ್ಕಿನ ಗೇಟಿನ ಮೇಲೆ ಬರೆದ ಸಮಯ ಓದಿ. ಬಹಳಷ್ಟು ಕಡೆ ನಡುಹಗಲು ಬೀಗ. ಫುಟ್‌ಪಾತಿನ ಚಪ್ಪಡಿಗಳು ಅಲ್ಲಾಡುತ್ತವೆಯೇ, ಪ್ರತಿ ಗೇಟಿನ ಮುಂದೆ ಕಾರಿನ ಇಳಿಜಾರು ಕಟ್ಟಿ ಫುಟ್‌ಪಾತ್ ಏರಿಳಿಯುತ್ತದೆಯೇ ಗಮನಿಸಿ. ಮಗುವಿನ ತಳ್ಳುಗಾಡಿ ಹೋಗದ ಕಡೆ ಮಂಡಿನೋವಿನವರೂ ಹೋಗಲಾರರು. 24 ಗಂಟೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಸಂಜೆ ಆರೂವರೆಗೆ ಎಷ್ಟು ಹೊತ್ತು ಬೇಕೆಂದು ಒಮ್ಮೆ ಗಾಡಿಯಲ್ಲಿ ಹೋಗಿಯೇ ನೋಡಿ.

ಆತುರವಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಅದೇ ಬೀದಿಯಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ. ಏಪ್ರಿಲ್‌ನ ನೀರು, ಸೆಪ್ಟೆಂಬರ್‌ನ ಮಳೆ ಎರಡೂ ಅಷ್ಟರಲ್ಲಿ ಗೊತ್ತಾಗುತ್ತವೆ. ಮನೆ ಬದಲಿಸುವ ಖರ್ಚು ಎರಡು ಸಲ ಬೀಳುತ್ತದೆ, ನಿಜ. ತಪ್ಪು ಫ್ಲಾಟನ್ನು ಮಾರಿ ಇನ್ನೊಂದು ಕೊಳ್ಳುವಾಗ ಬೀಳುವ ನೋಂದಣಿ ಖರ್ಚಿನ ಮುಂದೆ ಅದು ಏನೂ ಅಲ್ಲ.

ಪ್ರಶ್ನೆ: ಸರ್ಜಾಪುರ ರಸ್ತೆಯ ಕಡೆ 60 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ನೋಡಿದ್ದೇವೆ. ‘ಕಾವೇರಿ ಕನೆಕ್ಷನ್ ಇದೆ’ ಎಂದು ಮಾಲೀಕರು ಹೇಳುತ್ತಾರೆ. ನಂಬಬಹುದೇ?
— ಓದುಗರು, ತುಮಕೂರು

ಉತ್ತರ: ಕನೆಕ್ಷನ್ ಇರುವುದು ಬೇರೆ, ನೀರು ಬರುವುದು ಬೇರೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿಯೇ ಕಾವೇರಿ ಐದನೇ ಹಂತದ ಯೋಜನೆ ಬಂತು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಈ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಕೊಳವೆ ಮನೆ ಮುಂದೆ ಬಂದಿರಬಹುದು. ಅದರಲ್ಲಿ ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆ ನೀರು ಹರಿಯುತ್ತದೆ ಎನ್ನುವುದು ಬೀದಿಯಿಂದ ಬೀದಿಗೆ ಬೇರೆ.

ಮಾತು ಬಿಟ್ಟು ಬಿಲ್ ಕೇಳಿ. ಜಲಮಂಡಳಿಯ ಆರ್‌ಆರ್ ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ) ಇರುವ, ಹಿಂದಿನ 12 ತಿಂಗಳ ಬಿಲ್ಲುಗಳು ಬೇಕು. ಅದರಲ್ಲಿ ಬಳಕೆಯ ಲೀಟರ್ ನೋಡಿ. ಲೆಕ್ಕ ಸುಲಭ: ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುವುದು ವಾಡಿಕೆ. ನಾಲ್ಕು ಜನರ ಮನೆಗೆ ದಿನಕ್ಕೆ 540, ತಿಂಗಳಿಗೆ ಸುಮಾರು 16 ಸಾವಿರ ಲೀಟರ್. 60 ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ 9.7 ಲಕ್ಷ ಲೀಟರ್. ಬಿಲ್ಲಿನಲ್ಲಿ 3 ಲಕ್ಷ ಇದ್ದರೆ ಉಳಿದದ್ದು ಬೋರ್‌ವೆಲ್ ಅಥವಾ ಟ್ಯಾಂಕರ್‌ನದು. ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ ಮಾತ್ರ ಇದ್ದರೆ ಕಾವೇರಿ ಎಂಬುದು ಬಾಯಿಮಾತು.

ಆಮೇಲೆ ಸಂಘದ ಲೆಕ್ಕಪುಸ್ತಕದಲ್ಲಿ ಮಾರ್ಚ್, ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಖರ್ಚು ತೋರಿಸಿ ಎನ್ನಿ. ನೀರಿಗೆ ತತ್ವಾರವಾಗಿದ್ದ 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ಆ ದರದಲ್ಲೇ ದಿನಕ್ಕೆ ಐದು ಸಣ್ಣ ಟ್ಯಾಂಕರ್ ತರಿಸಿದರೂ ತಿಂಗಳಿಗೆ 90,000 ರೂಪಾಯಿ, ಮನೆಗೆ 1,500. ದರ ಏರಿದಾಗ ಮೊದಲು ಏರುವುದು ನಿಮ್ಮ ಮೇಂಟೆನೆನ್ಸ್.

ಬೋರ್‌ವೆಲ್ ನೀರಾದರೆ ಒಂದು ಲೀಟರ್ ತೆಗೆದುಕೊಂಡು ಹೋಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ನೀರಿಲ್ಲದ ಕಡೆ ಕುಡಿಯುವ ನೀರಿನ ಭಾರತೀಯ ಮಾನಕ 600ರವರೆಗೆ ಒಪ್ಪುತ್ತದೆ. ನೈಟ್ರೇಟ್ 45 ಮೀರಬಾರದು, ಅದರಲ್ಲೂ ಮನೆಯಲ್ಲಿ ಹಸುಗೂಸು ಇದ್ದರೆ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಲ್ಯಾಬಿಗೆ ಹೋಗುವ ಮುಂಚೆ ಫ್ಲಾಟಿನ ಬಚ್ಚಲಿಗೆ ಹೋಗಿ ನಲ್ಲಿಯ ಬಾಯಿ ನೋಡಿ. ಬಿಳಿ ಸುಣ್ಣದ ಪದರ ಉಗುರಿಗೆ ಸಿಗುವಷ್ಟು ದಪ್ಪ ಕಟ್ಟಿದ್ದರೆ ಗೀಸರಿನ ಕಾಯಿಲ್, ವಾಷಿಂಗ್ ಮೆಷಿನ್ ಎರಡರ ಆಯಸ್ಸೂ ಅಷ್ಟಕ್ಕಷ್ಟೇ.

ಪ್ರಶ್ನೆ: ಯಲಹಂಕದ ಆಚೆ 30×40 ಸೈಟು. ಸುತ್ತ ಹಸಿರು, ಹಿಂದೆ ಸಣ್ಣ ಮೋರಿ. ರಾಜಕಾಲುವೆಯ ಗಲಾಟೆ ಕೇಳಿ ಭಯವಾಗಿದೆ.
— ಓದುಗರು, ದೊಡ್ಡಬಳ್ಳಾಪುರ

ಉತ್ತರ: ಭಯ ಒಳ್ಳೆಯದೇ. ಬೇಸಿಗೆಯಲ್ಲಿ ಸಣ್ಣ ಮೋರಿಯಂತೆ ಕಾಣುವುದು ಒಂದು ಕೆರೆಯ ಕೋಡಿ ನೀರನ್ನು ಇನ್ನೊಂದಕ್ಕೆ ಒಯ್ಯುವ ರಾಜಕಾಲುವೆ ಆಗಿರಬಹುದು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತಿದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಸೇರುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ದಕ್ಷಿಣ ಪಿನಾಕಿನಿ ಕಡೆ ಹೋಗುತ್ತದೆ. ಈ ಇಳಿಜಾರಿನ ತಳದಲ್ಲಿ ಮನೆ ಕಟ್ಟಿದರೆ ಎಷ್ಟು ದುಬಾರಿಯಾದರೂ ಒಂದೇ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತಂದರು. 2024ರ ಅಕ್ಟೋಬರ್‌ನಲ್ಲಿ ನಿಮ್ಮ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ದೋಣಿ ಬಂತು.

ಮಾಡಬೇಕಾದದ್ದು: ಫೋನಿಗೆ ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಸೈಟಿನ ನಡುವೆ ನಿಂತು ಸರ್ವೆ ನಂಬರ್ ತೆಗೆಯಿರಿ. ಮಾರುವವರ ಕ್ರಯಪತ್ರದಲ್ಲಿರುವ ಸರ್ವೆ ನಂಬರಿಗೂ ಇದಕ್ಕೂ ತಾಳೆ ಆಗಬೇಕು. ಭೂದಾಖಲೆ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡು ಆ ನಂಬರಿನ ಅಂಚಿನಲ್ಲಿ ಹಳ್ಳ, ಕೆರೆಯಂಗಳದ ಗೆರೆ ಇದೆಯೇ ನೋಡಿ. ಪಹಣಿಯಲ್ಲಿ ವಿಸ್ತೀರ್ಣದ ಪಕ್ಕ ‘ಬಿ ಖರಾಬು’ ಎಂದು ಕುಂಟೆ ತೋರಿಸಿದ್ದರೆ ಅಷ್ಟು ಜಾಗ ಸಾರ್ವಜನಿಕರದ್ದು: ದಾರಿ, ಹಳ್ಳ, ಸ್ಮಶಾನ, ಹೀಗೆ. ಲೇಔಟಿನವರು ಅದನ್ನೂ ಸೈಟಿನ ಲೆಕ್ಕಕ್ಕೆ ಸೇರಿಸಿದ್ದಾರೋ ಎಂದು ಸರ್ವೆಯರ್ ಕೈಲಿ ಅಳೆಸಿಯೇ ತಿಳಿಯಬೇಕು.

ಏನೂ ಕಟ್ಟದೆ ಬಿಡಬೇಕಾದ ದೂರದ ನಿಯಮ ಹೀಗಿದೆ. ಬೆಂಗಳೂರು ನಗರದ 2015ರ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪ್ರಕಾರ ಕೆರೆಯಿಂದ 30 ಮೀಟರ್. ಕಾಲುವೆಯ ನಡುವಿನಿಂದ ಪ್ರಾಥಮಿಕ (ದೊಡ್ಡ) ಕಾಲುವೆಗೆ 50, ಅದಕ್ಕೆ ಸೇರುವ ದ್ವಿತೀಯಕ್ಕೆ 25, ಇನ್ನೂ ಸಣ್ಣ ತೃತೀಯಕ್ಕೆ 15 ಮೀಟರ್. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ತೆಗೆದುಹಾಕಿತು. ಕಾನೂನು ಏನೇ ಹೇಳಲಿ, ಕೆರೆಯ ಪಕ್ಕ ಕೊಳ್ಳುವವರಿಗೆ ನಮ್ಮ ಸಲಹೆ 75 ಮೀಟರೇ.

ಕಾಗದ ಮುಗಿದ ಮೇಲೆ ಬೀದಿ ಓದಿ. ಕಾಂಪೌಂಡ್ ಗೋಡೆಗಳ ಮೇಲೆ ಒಂದೇ ಎತ್ತರದಲ್ಲಿ ಕಂದು ಗೆರೆ ಓಡಿದೆಯೇ? ಕರೆಂಟ್ ಮೀಟರುಗಳನ್ನು ಎದೆಮಟ್ಟದಿಂದ ತೆಗೆದು ತಲೆಗಿಂತ ಮೇಲೆ ಹಾಕಿದ್ದಾರೆಯೇ? ಗೇಟಿನ ಬುಡದಲ್ಲಿ ಹೊಸದಾಗಿ ಒಂದಡಿ ಸಿಮೆಂಟ್ ಕಟ್ಟೆ ಎದ್ದಿದೆಯೇ? ಅಲ್ಲಿ ನೀರು ನುಗ್ಗಿದೆ. ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿ, ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ. ಕಟ್ಟುವುದೇ ಆದರೆ ಪಾಯದ ಮಟ್ಟ ರಸ್ತೆಯ ನಡುಭಾಗಕ್ಕಿಂತ ಕನಿಷ್ಠ ಮೂರು ಅಡಿ ಮೇಲಿರಲಿ. ಹಳೆಯ ಡಾಂಬರು ಕೀಳದೆ ಅದರ ಮೇಲೇ ಹೊಸದು ಹಾಕುತ್ತಾ ಹೋಗುವುದರಿಂದ ರಸ್ತೆ ಏರುತ್ತಲೇ ಇರುತ್ತದೆ.

ಪ್ರಶ್ನೆ: ಬಿ ಖಾತಾ ಫ್ಲಾಟು, ಎ ಖಾತಾದ್ದಕ್ಕಿಂತ ಹದಿನೈದು ಲಕ್ಷ ಕಡಿಮೆ. ‘ಪರಿವರ್ತನೆಗೆ ಅರ್ಜಿ ಹಾಕಿದೆ’ ಎನ್ನುತ್ತಾರೆ.
— ಓದುಗರು, ಹಾಸನ

ಉತ್ತರ: ಖಾತಾ ಅಂದರೆ ಆಸ್ತಿ ತೆರಿಗೆಗಾಗಿ ಪಾಲಿಕೆ ಇಡುವ ದಾಖಲೆ: ಅನುಮತಿಗಳೆಲ್ಲ ಸರಿಯಿದ್ದರೆ ಎ, ಇಲ್ಲದಿದ್ದರೆ ಬಿ. ಅರ್ಜಿ ಖಾತೆಯಲ್ಲ. ಪರಿವರ್ತನೆ ಆಗಿ ಎ ಖಾತಾ ಕೈಗೆ ಬಂದ ಮೇಲೆ ಪೂರ್ತಿ ಬೆಲೆ ಕೊಡಿ, ಅಲ್ಲಿಯವರೆಗೆ ಅಡ್ವಾನ್ಸ್ ಕೂಡ ಬೇಡ. ಬಿ ಖಾತಾಕ್ಕೆ ಹಲವು ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಕೊಡುವವರು ಬಡ್ಡಿ ಹೆಚ್ಚು ಹಾಕುತ್ತಾರೆ, ಮುಂದೆ ನಿಮ್ಮಿಂದ ಕೊಳ್ಳುವವರಿಗೂ ಅದೇ ತೊಡಕು. ಹದಿನೈದು ಲಕ್ಷ ಅಲ್ಲಿ ಕರಗುತ್ತದೆ.

ಕೇಳಬೇಕಾದ ಕಾಗದಗಳು: ಇ-ಖಾತಾ, 30 ವರ್ಷದ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ), ಮಂಜೂರಾದ ನಕ್ಷೆ, ಕಟ್ಟಡದಲ್ಲಿ ವಾಸಿಸಬಹುದು ಎನ್ನುವ ಸ್ವಾಧೀನಾನುಭವ ಪತ್ರ ಅಂದರೆ ಓಸಿ. ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ಅದನ್ನು ಬಿಟ್ಟು ಆನ್‌ಲೈನ್ ಪತ್ರವೊಂದನ್ನೇ ನೋಡಿ ಮೋಸಹೋಗುವವರು ಬಹಳ. ನಕ್ಷೆಯಲ್ಲಿ ಮಂಜೂರಾದ ಅಂತಸ್ತು ನಾಲ್ಕು, ನೀವು ಕೊಳ್ಳುತ್ತಿರುವುದು ಐದನೆಯದು ಎಂದಾದರೆ ಎದ್ದು ಬನ್ನಿ.

ನೋಂದಣಿ ಖರ್ಚನ್ನು ಬಜೆಟ್ಟಿನೊಳಗೇ ಇಟ್ಟುಕೊಳ್ಳಿ. 90 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4.5 ಲಕ್ಷ. ಅದರ ಮೇಲೆ ಸೆಸ್ ಶೇ 10, ಸರ್ಚಾರ್ಜ್ ಶೇ 2, ಒಟ್ಟು 54,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2, ಅಂದರೆ 1.8 ಲಕ್ಷ. ಎಲ್ಲ ಸೇರಿ 6.84 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಮೊದಲು ಶಾಲೆ ಆರಿಸಿ ಅದರ ಪಕ್ಕ ಮನೆ ಕೊಳ್ಳಬೇಕೋ, ಮನೆ ಕೊಂಡು ಶಾಲೆ ಹುಡುಕಬೇಕೋ?
— ಓದುಗರು, ರಾಜಾಜಿನಗರ

ಉತ್ತರ: ಶಾಲೆಗಾಗಿ ಬಾಡಿಗೆ ಮನೆ ಬದಲಿಸಿ, ಸ್ವಂತ ಮನೆ ಕೊಳ್ಳಬೇಡಿ. ಹತ್ತನೇ ತರಗತಿ ಮುಗಿದರೆ ಪಿಯು ಕಾಲೇಜು ಬೇರೆ ದಿಕ್ಕಿಗೆ, ಆಮೇಲಿನದು ಇನ್ನೊಂದು ದಿಕ್ಕಿಗೆ. 5 ಕಿ.ಮೀ. ಒಳಗೆ ನಿಮಗೆ ಒಪ್ಪಿಗೆಯಾಗುವ, ಶುಲ್ಕ ಕಟ್ಟಬಹುದಾದ ಮೂರು ಶಾಲೆ ಇರುವ ಜಾಗ ಸಾಕು. ಒಂದರಲ್ಲಿ ಸೀಟು ಸಿಗದಿದ್ದರೂ ಬದುಕು ನಿಲ್ಲುವುದಿಲ್ಲ. ಶಾಲೆಯ ಕಚೇರಿಯಲ್ಲಿ ಕೇಳಬೇಕಾದ್ದು ಎಷ್ಟು ದೂರ ಎಂದಲ್ಲ, ನಿಮ್ಮ ಬೀದಿಗೆ ಬರುವ ಬಸ್ಸಿನ ಮೊದಲ ಸ್ಟಾಪ್ ಯಾವುದು, ನಿಮ್ಮದು ಎಷ್ಟನೆಯದು ಎಂದು. ಮೊದಲ ಸ್ಟಾಪ್ ನಿಮ್ಮದಾದರೆ 4 ಕಿ.ಮೀ. ದೂರದ ಶಾಲೆಗೂ ಮಗು ಮುಕ್ಕಾಲು ಗಂಟೆ ಸುತ್ತಬೇಕಾಗಬಹುದು. ಶಾಲೆಯ ಗೇಟಿಗೆ ಎದುರಿನ ಮನೆಯಂತೂ ಬೇಡ: ಬೆಳಿಗ್ಗೆ 8ಕ್ಕೂ ಮಧ್ಯಾಹ್ನ 3ಕ್ಕೂ ನಿಮ್ಮ ಕಾರು ಗೇಟಿನಿಂದ ಹೊರಗೆ ಬರುವುದಿಲ್ಲ.

ಪ್ರಶ್ನೆ: ಹತ್ತಿರದಲ್ಲಿ ಎರಡು ಬೆಡ್‌ರೂಮೋ, ದೂರದಲ್ಲಿ ಮೂರೋ?
— ಓದುಗರು, ಮಂಡ್ಯ

ಉತ್ತರ: ಮೊದಲು ಎರಡರ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗದ ಅಳತೆ ತರಿಸಿ. ಜಾಹೀರಾತಿನ 1,200 ಚದರಡಿ ಸೂಪರ್ ಬಿಲ್ಟಪ್‌ನಲ್ಲಿ (ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿದ ಅಳತೆ) ಕಾಲಿಡಲು ಸಿಗುವುದು ಸಾಮಾನ್ಯವಾಗಿ 850–900. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಯೋಜನೆಗೆ ಕಾರ್ಪೆಟ್ ಅಳತೆ ಕರಾರಿನಲ್ಲೇ ಇರಬೇಕು. ಹತ್ತಿರದ ಎರಡು ಬೆಡ್‌ರೂಮಿನ ಫ್ಲಾಟ್ ನಿಜಕ್ಕೂ 950 ಇದ್ದು, ಹಾಲಿನ ಎರಡು ಬದಿಗೂ ಕಿಟಕಿ ಇದ್ದರೆ ಪಾರ್ಟಿಶನ್ ಹಾಕಿ ಮಕ್ಕಳಿಗೊಂದು ಕೋಣೆ ಮಾಡಿಕೊಳ್ಳಬಹುದು. ಕಿಟಕಿ ಒಂದೇ ಗೋಡೆಗಿದ್ದರೆ ಅದು ಆಗದ ಮಾತು, ಆಗ ದೂರದ್ದನ್ನೇ ನೋಡಿ. ಅಳತೆಪಟ್ಟಿ ತೆಗೆದುಕೊಂಡು ಹೋಗಿ: ಮಂಚ, ಬೀರು ಇಟ್ಟ ಮೇಲೆ ಬೀರುವಿನ ಬಾಗಿಲು ಪೂರ್ತಿ ತೆರೆಯಲು ಎರಡು ಅಡಿ ಉಳಿಯಬೇಕು.