‘ನರ’ ಎಂಬ ಒಂದು ಪದ ಮತ್ತು ನಿಮ್ಮ ಮೂಳೆ-ಕೀಲು ಲೇಖನ

ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಅಂಗಾಂಶ, ಮೂಳೆ, ಕೀಲುಗಳ ಬಗ್ಗೆ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾಗದು. ಭಾಷೆ ತಿಳಿಯಾಗಿದೆ, ವಾಕ್ಯಗಳು ಚಿಕ್ಕವು. ತೊಡಕಿರುವುದು ಪದಗಳಲ್ಲಿ, ಅದರಲ್ಲೂ ‘ನರ’ ಎಂಬ ಪದದಲ್ಲಿ.

‘ಕೈ ಹಿಂಭಾಗದಲ್ಲಿ ನೀಲಿ ನರ ಕಾಣುತ್ತದೆ’ ಎಂದಿದ್ದೀರಿ. ಅದು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ‘ಹಿಮ್ಮಡಿಯ ಮೇಲಿನ ದಪ್ಪ ನರ’ ಎಂದಿರುವುದು ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಬಿಗಿದಿರುವ ಸ್ನಾಯುರಜ್ಜು. ನಿಜವಾದ ನರ ಬರುವುದು ಮೂರನೆಯ ಉದಾಹರಣೆಯಲ್ಲಿ ಮಾತ್ರ: ಮೊಣಕೈಯ ಒಳಬದಿಗೆ ಏಟು ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು. ಮನೆಮಾತಿನಲ್ಲಿ ಮೂರನ್ನೂ ನರ ಎನ್ನುತ್ತೇವೆ, ಅದು ಸಹಜವೇ. ಆದರೆ ‘ನರ ಕತ್ತರಿಸಿತು’ ಎಂದು ಓದಿದ ಮಗುವಿಗೆ ರಕ್ತ ಸೋರುತ್ತದೆಯೋ, ಸ್ಪರ್ಶಜ್ಞಾನ ಹೋಗುತ್ತದೆಯೋ, ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲವೋ ತಿಳಿಯಬೇಕಲ್ಲ? ಆಡುಮಾತನ್ನು ಒಮ್ಮೆ ಹೇಳಿ, ಅಲ್ಲೇ ಮೂರನ್ನೂ ಬಿಡಿಸಿ, ಮುಂದೆ ಆಯಾ ಹೆಸರನ್ನೇ ಬಳಸಿ.

‘ಉಳುಕು’ ಎಂಬಲ್ಲೂ ಇದೇ ಗೊಂದಲ. ಮೂಳೆಗೆ ಮೂಳೆಯನ್ನು ಕಟ್ಟುವುದು ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಹಿಗ್ಗಿ ಹರಿಯುವುದು ಹೊರಬದಿಯ ಅಸ್ಥಿರಜ್ಜು. ಇವೆರಡಕ್ಕೂ ರಕ್ತ ಪೂರೈಕೆ ಕಡಿಮೆ, ಹಾಗಾಗಿ ನಿಧಾನವಾಗಿ ಮಾಯುತ್ತವೆ. ಈ ಕಾರಣವನ್ನು ನೀವು ಎಲ್ಲೂ ಹೇಳಿಲ್ಲ. ಓದುಗ ಕೇಳುವ ಮೊದಲ ಪ್ರಶ್ನೆಯೇ ಅದು.

ಇನ್ನು ಲೆಕ್ಕ. ವಯಸ್ಕರಲ್ಲಿ 206 ಮೂಳೆ ಎಂದು ಬರೆದಿದ್ದೀರಿ, ಸರಿ. ಆದರೆ ನಿಮ್ಮ ಪಟ್ಟಿ ಕೂಡಿಸಿದೆ: ತಲೆಬುರುಡೆ 22, ಬೆನ್ನುಮೂಳೆ 26, ಎದೆಗೂಡು 25, ಹೆಗಲು ಸೇರಿ ಎರಡೂ ತೋಳು 64, ಸೊಂಟ ಸೇರಿ ಎರಡೂ ಕಾಲು 62. ಒಟ್ಟು 199. ಬಿಟ್ಟುಹೋದ ಏಳು ಯಾವುವು? ಒಂದೊಂದು ಕಿವಿಯೊಳಗೆ ಮೂರರಂತೆ ಆರು ಪುಟ್ಟ ಮೂಳೆಗಳು, ಮತ್ತೆ ನಾಲಿಗೆಯ ಬುಡದಲ್ಲಿ ಬೇರೆ ಯಾವ ಮೂಳೆಗೂ ಕೀಲುಗೂಡದೆ ಸ್ನಾಯು, ರಜ್ಜುಗಳಲ್ಲಿ ತೂಗಿಕೊಂಡಿರುವ ಒಂದು ಮೂಳೆ. ಎಷ್ಟು ಸೊಗಸಾದ ಸಂಗತಿ, ಅದೇ ಕೈಬಿಟ್ಟಿದೆ! ಪಟ್ಟಿ ಕೊಟ್ಟ ಮೇಲೆ ಕೂಡಿ ನೋಡುವುದು ಬರೆದವರ ಕೆಲಸ.

ಮಗುವಿನ ಹೆಚ್ಚುವರಿ ಮೂಳೆಗಳು ‘ಮಾಯವಾಗುತ್ತವೆ’ ಎಂದಿದ್ದೀರಿ. ಮಾಯವಾಗುವುದಿಲ್ಲ, ಬೆಸೆದುಕೊಳ್ಳುತ್ತವೆ. ಬೆನ್ನಿನ ಕೆಳತುದಿಯ ತ್ರಿಕೋನಾಕಾರದ ಮೂಳೆ ಐದು ಕಶೇರುಗಳು, ಎಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು, ಒಂದಾಗಿ ಆದದ್ದು. ಸೊಂಟದ ಒಂದೊಂದು ಬದಿಯ ಮೂಳೆ ಮೂರು ಸೇರಿ ಆದದ್ದು.

‘ಮೂಳೆ ಎಂದರೆ ಕ್ಯಾಲ್ಸಿಯಂ’ ಎಂಬ ವಾಕ್ಯ ತೆಗೆಯಿರಿ. ತೊಳೆದ ಕೋಳಿಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಖನಿಜ ಕರಗಿ, ರಬ್ಬರಿನಂತೆ ಬಾಗುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಉಳಿಯುತ್ತದೆ. ಖನಿಜ ಗಡಸುತನ ಕೊಡುತ್ತದೆ, ಕೊಲಾಜೆನ್ ಮುರಿಯದಂತೆ ಹಿಡಿದಿಡುತ್ತದೆ. ಆ ಪ್ರಯೋಗವನ್ನೇ ಬರೆಯಿರಿ. ಮೂಳೆಯೂ ರಜ್ಜುಗಳಂತೆ ಸಂಯೋಜಕ ಅಂಗಾಂಶವೇ, ಎಂದರೆ ದೇಹದ ಭಾಗಗಳನ್ನು ಜೋಡಿಸಿ ಆಧರಿಸುವ ಅಂಗಾಂಶವೇ, ಎಂಬುದು ಆಗ ತಾನಾಗಿ ಮನದಟ್ಟಾಗುತ್ತದೆ.

ಮಂಡಿ ಬರಿಯ ಬಿಜಾಗರಿ ಕೀಲಲ್ಲ. ಮಡಿಸಿದಾಗ ತುಸು ತಿರುಗುತ್ತದೆ ಕೂಡ. ಕೆಳಗಾಲಿನ ಹೊರಬದಿಯ ಸಣ್ಣ ಮೂಳೆ ಮಂಡಿಯ ಕೀಲಿಗೆ ಸೇರದು; ಚಿತ್ರದಲ್ಲಿ ಸೇರಿಸಿದ್ದೀರಿ.

ಚಿತ್ರದ ಬಗ್ಗೆ ಇನ್ನೊಂದು ಮಾತು. ಎಡ-ಬಲ ಎಂದರೆ ಚಿತ್ರದಲ್ಲಿರುವ ವ್ಯಕ್ತಿಯ ಎಡ-ಬಲ, ನೋಡುವವರದ್ದಲ್ಲ. ಅಂಗೈ ಮುಂದಕ್ಕಿದ್ದರೆ ಮಾತ್ರ ಮುಂದೋಳಿನ ಎರಡು ಮೂಳೆಗಳು ಅಕ್ಕಪಕ್ಕ ನಿಲ್ಲುತ್ತವೆ. ಅಂಗೈ ಹಿಂದಕ್ಕೆ ತಿರುಗಿದರೆ ಹೆಬ್ಬೆರಳ ಬದಿಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ನಿಮ್ಮ ಚಿತ್ರದಲ್ಲಿ ಅಂಗೈ ಹಿಂದಕ್ಕಿದೆ, ಮೂಳೆಗಳು ಅಕ್ಕಪಕ್ಕದಲ್ಲಿವೆ. ಅದನ್ನು ಹೊಸದಾಗಿ ಬರೆದು, ತಿದ್ದಿದ ಲೇಖನದ ಜೊತೆ ಕಳಿಸಿ.